ವಾರಕ್ಕೊಮ್ಮೆ ಚುಚ್ಚುಮದ್ದು, ವಾರವಿಡೀ ಶುಶ್ರೂಷೆ

ಚಿಕಿತ್ಸೆಯು ನಾಲ್ಕು ಕಾಲುಗಳ ಮೇಲೆ ನಿಲ್ಲುತ್ತದೆಂದು ನಮ್ಮ ಪ್ರಾಚೀನ ವೈದ್ಯಶಾಸ್ತ್ರ ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ ಎಂಬಿವೇ ಆ ನಾಲ್ಕು. ಚರಕಸಂಹಿತೆಯು ಇಷ್ಟಕ್ಕೇ ನಿಲ್ಲದೆ, ಪರಿಚಾರಕನಲ್ಲಿ ಇರಬೇಕಾದ ಗುಣಗಳನ್ನೂ ಎಣಿಸಿದೆ: ಉಪಚಾರದ ತಿಳಿವಳಿಕೆ, ಕೈಯ ದಕ್ಷತೆ, ರೋಗಿಯ ಮೇಲಿನ ಅನುರಾಗ ಮತ್ತು ಶುಚಿತ್ವ. ಎರಡು ಸಾವಿರ ವರ್ಷಗಳಷ್ಟು ಹಳೆಯ ಈ ತಿಳಿವಳಿಕೆಯನ್ನು ನಾವು ಮಾತಿನಲ್ಲಿ ಗೌರವಿಸುತ್ತೇವೆ. ನಡೆಯಲ್ಲಿ ಮಾತ್ರ ಭಾರವನ್ನೆಲ್ಲ ವೈದ್ಯರ ಮೇಲೆ ಮತ್ತು ಔಷಧದ ಮೇಲೆ ಹೊರಿಸಿ, ಪರಿಚಾರಕನ ಸ್ಥಾನವನ್ನು ಬರಿದಾಗಿ ಬಿಡುತ್ತಿದ್ದೇವೆ.

ಈ ಮಾತನ್ನು ಈಗ ನೆನೆಯಲು ಕಾರಣವುಂಟು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮಧುಮೇಹದ ಹಾಗೂ ತೂಕ ಇಳಿಸುವ ಮದ್ದುಗಳು ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಟಿರ್ಜೆಪಟೈಡ್ ಎಂಬ ಮದ್ದು ‘ಮೌಂಜಾರೊ’ ಎಂಬ ಹೆಸರಿನಲ್ಲಿ 2025ರ ಮಾರ್ಚ್ ತಿಂಗಳಲ್ಲಿ ಭಾರತಕ್ಕೆ ಬಂದಿತು. ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ತೂಕ ಇಳಿಕೆಗಾಗಿ ‘ವೆಗೋವಿ’ ಎಂದೂ, ಡಿಸೆಂಬರ್‌ನಲ್ಲಿ ಮಧುಮೇಹಕ್ಕಾಗಿ ‘ಓಜೆಂಪಿಕ್’ ಎಂದೂ ಮಾರುಕಟ್ಟೆ ಪ್ರವೇಶಿಸಿತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ತೀರಿದ್ದರಿಂದ, ದೇಶದ ಕಂಪನಿಗಳು ಅದನ್ನೇ ಕಡಿಮೆ ಬೆಲೆಗೆ ತಯಾರಿಸುವ ದಾರಿ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ. ಬೆಲೆ ಇಳಿದಂತೆಲ್ಲ ಈ ಮದ್ದು ಎಷ್ಟು ಮನೆಗಳ ಫ್ರಿಜ್ ಸೇರಲಿದೆಯೆಂಬುದನ್ನು ಇದರಿಂದಲೇ ಊಹಿಸಬಹುದು.

ಮದ್ದು ಅಗ್ಗವಾಗುವುದು ಸಂತೋಷದ ಸಂಗತಿ. ಆದರೆ ಮದ್ದು ಬಂದಷ್ಟು ವೇಗದಲ್ಲಿ ಅದರ ಶುಶ್ರೂಷೆ ಬಂದಿಲ್ಲ. ಆದುದರಿಂದ ಈ ಲೇಖನದ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳಿತು: ಕಲಿಸಿಕೊಡುವ ಒಬ್ಬ ಶುಶ್ರೂಷಕಿ ಆಸ್ಪತ್ರೆಯಲ್ಲಿ, ನೋಡಿಕೊಳ್ಳುವ ಒಬ್ಬ ತಿಳಿದವರು ಮನೆಯಲ್ಲಿ - ಈ ಇಬ್ಬರೂ ಇಲ್ಲದೆ ವಾರದ ಚುಚ್ಚುಮದ್ದನ್ನು ಆರಂಭಿಸಬಾರದು, ಆರಂಭಿಸಿದ್ದರೆ ಅವರಿಬ್ಬರ ವ್ಯವಸ್ಥೆಯನ್ನು ತಡಮಾಡದೆ ಮಾಡಿಕೊಳ್ಳಬೇಕು.

ಮದ್ದಿನ ಸ್ವಭಾವ

ನಾವು ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ರಸದೂತವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಹೊರಡಿಸುವಂತೆ ಮೇದೋಜೀರಕ ಗ್ರಂಥಿಗೆ ಹೇಳುವುದು, ಜಠರ ಬರಿದಾಗುವುದನ್ನು ನಿಧಾನಗೊಳಿಸುವುದು, ‘ಸಾಕು, ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು - ಇವು ಅದರ ಕೆಲಸಗಳು. ದೇಹದಲ್ಲಿ ಹುಟ್ಟುವ ಈ ರಸವು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನು ಹೋಲುವಂತೆ ತಯಾರಿಸಿದ ಮದ್ದಾದರೋ ವಾರವಿಡೀ ಉಳಿಯುತ್ತದೆ. ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧದಷ್ಟಾಗಲು ಸುಮಾರು ಒಂದು ವಾರ ಬೇಕು. ನಿಲ್ಲಿಸಿದ ಮೇಲೂ ಅದು ಪೂರ್ತಿ ಹೊರಹೋಗಲು ಐದು ವಾರಗಳಷ್ಟು ಹಿಡಿಯುತ್ತದೆ.

ಇದರ ಪ್ರಯೋಜನ ಕಡಿಮೆಯದಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 68 ವಾರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 15ರಷ್ಟು ಇಳಿಯಿತು. ಹೃದಯರೋಗವಿದ್ದು, ತೂಕವೂ ಹೆಚ್ಚಿದ್ದ 17,604 ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ಮತ್ತೊಂದು ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹಾಗೂ ಹೃದಯ ಸಂಬಂಧಿ ಸಾವುಗಳು ಒಟ್ಟಾಗಿ ಐದರಲ್ಲಿ ಒಂದು ಪಾಲು ತಗ್ಗಿದವು. ಇಂತಹ ಮದ್ದನ್ನು ‘ಶ್ರೀಮಂತರ ಶೋಕಿ’ ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಮೇಲೆ ಹೇಳಿದ ಸ್ವಭಾವದಲ್ಲಿಯೇ ಎಚ್ಚರಿಕೆಯೂ ಅಡಗಿದೆ. ಮಾತ್ರೆಯೊಂದು ಒಗ್ಗದಿದ್ದರೆ ನಾಳೆ ಬಿಡಬಹುದು. ವಾರದ ಚುಚ್ಚುಮದ್ದು ಒಮ್ಮೆ ಒಳಹೋದರೆ ಅದನ್ನು ಹಿಂದೆಗೆಯಲಾಗದು. ಅದು ಹಸಿವನ್ನು ಕುಗ್ಗಿಸುತ್ತದೆಯೇ ಹೊರತು, ಉಳಿದ ಹಸಿವಿಗೆ ಏನನ್ನು ಉಣಬೇಕೆಂದು ಹೇಳಿಕೊಡುವುದಿಲ್ಲ. ಜಠರವನ್ನು ನಿಧಾನಗೊಳಿಸುತ್ತದೆಯೇ ಹೊರತು, ವಾಂತಿಯಾದ ಹಿರಿಯರಿಗೆ ನೀರು ಕುಡಿಸುವುದಿಲ್ಲ. ಈ ಕೆಲಸಗಳೆಲ್ಲ ಶುಶ್ರೂಷೆಯವು. ಚುಚ್ಚುವುದಕ್ಕೆ ಒಂದು ನಿಮಿಷ ಸಾಕು. ವಾರದ ಉಳಿದ ಸಮಯವೆಲ್ಲ ಪರಿಚಾರಕನದು.

ಆರಂಭಕ್ಕೆ ಮುನ್ನ

ಶುಶ್ರೂಷೆಯು ಸೂಜಿಯಿಂದ ಆರಂಭವಾಗುವುದಿಲ್ಲ, ಪ್ರಶ್ನೆಗಳಿಂದ ಆರಂಭವಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಥೈರಾಯಿಡ್‌ನ ‘ಮೆಡ್ಯುಲರಿ’ ಎಂಬ ಬಗೆಯ ಕ್ಯಾನ್ಸರ್ ಆಗಿತ್ತೆ? ರೋಗಿಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿತ್ತೆ? ಪಿತ್ತಕೋಶದಲ್ಲಿ ಕಲ್ಲುಗಳಿವೆಯೆ? ಕಣ್ಣಿನ ಅಕ್ಷಿಪಟಲವನ್ನು ಪರೀಕ್ಷಿಸಿ ಎಷ್ಟು ಕಾಲವಾಯಿತು? ಬಹುಕಾಲ ಏರಿದ್ದ ಸಕ್ಕರೆ ಹಠಾತ್ತನೆ ಇಳಿದಾಗ, ಮಧುಮೇಹದಿಂದ ಮೊದಲೇ ಕೆಟ್ಟಿದ್ದ ಅಕ್ಷಿಪಟಲ ಇನ್ನಷ್ಟು ಹದಗೆಡುವ ಸಂಭವವುಂಟು. ಮಗುವನ್ನು ಬಯಸುವ ಹೆಣ್ಣುಮಕ್ಕಳು ಗರ್ಭ ಧರಿಸುವುದಕ್ಕೆ ಕನಿಷ್ಠ ಎರಡು ತಿಂಗಳ ಮುಂಚೆ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಗರ್ಭನಿರೋಧಕ ಮಾತ್ರೆ ನುಂಗುವವರು ಟಿರ್ಜೆಪಟೈಡ್ ಆರಂಭಿಸಿದರೆ ಮಾತ್ರೆಯ ಪ್ರಭಾವ ತಗ್ಗಬಹುದಾದ್ದರಿಂದ, ಮೊದಲ ನಾಲ್ಕು ವಾರ ಹಾಗೂ ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಬೇರೆ ಕ್ರಮವನ್ನು ಅನುಸರಿಸಬೇಕು. ಇಂತಹ ಸಂಗತಿಗಳನ್ನು ಹೆಣ್ಣುಮಕ್ಕಳು ವೈದ್ಯರೆದುರು ಹೇಳಲು ಸಂಕೋಚಪಡುವುದುಂಟು. ಶುಶ್ರೂಷಕಿಯು ಪಕ್ಕಕ್ಕೆ ಕರೆದು ಕೇಳಿದರೆ ಹೇಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಈಗ ಯಾವ ಯಾವ ಮಾತ್ರೆಗಳನ್ನು ನುಂಗುತ್ತಿದ್ದೀರಿ? ಈ ಚುಚ್ಚುಮದ್ದು ತಾನೊಂದೇ ಇದ್ದರೆ ಸಕ್ಕರೆಯನ್ನು ಅತಿಯಾಗಿ ಇಳಿಸುವುದು ಅಪರೂಪ. ಆದರೆ ನಮ್ಮ ನಾಡಿನ ಅಸಂಖ್ಯಾತ ಮಧುಮೇಹಿಗಳು ನುಂಗುವ ಗ್ಲಿಮೆಪಿರೈಡ್ ಮಾತ್ರೆಯೋ ಇನ್ಸುಲಿನ್ನೋ ಜೊತೆಗಿದ್ದರೆ ಅಪಾಯ ಹೆಚ್ಚುತ್ತದೆ. ಊಟ ಅರ್ಧಕ್ಕಿಳಿದು, ಹಳೆಯ ಮಾತ್ರೆಯ ಪ್ರಮಾಣ ಮಾತ್ರ ಹಾಗೆಯೇ ಉಳಿದರೆ ಸಕ್ಕರೆ ಕುಸಿಯುತ್ತದೆ. ಹಿರಿಯರು ಹಳೆಯ ಚೀಟಿಯ ಮಾತ್ರೆಗಳನ್ನು ಒಂದು ಡಬ್ಬಿಯಲ್ಲಿ, ಹೊಸ ಚೀಟಿಯವನ್ನು ಇನ್ನೊಂದರಲ್ಲಿ ಇಟ್ಟು ಎರಡನ್ನೂ ನುಂಗುವುದು ಅಪರೂಪವೇನಲ್ಲ. ಆ ಡಬ್ಬಿಗಳನ್ನು ತೆರೆದು ಮೇಜಿನ ಮೇಲೆ ಸುರಿದು ನೋಡುವುದೇ ಈ ಚಿಕಿತ್ಸೆಯ ಮೊದಲ ಶುಶ್ರೂಷೆ.

ಸೂಜಿಯ ದಿನ

ವಾರದಲ್ಲಿ ಒಂದು ದಿನವನ್ನು ನಿಶ್ಚಯಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಹೊಟ್ಟೆ, ತೊಡೆ ಇಲ್ಲವೆ ತೋಳಿನ ಮೇಲ್ಭಾಗದಲ್ಲಿ, ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಚುಚ್ಚುವುದು ಕ್ರಮ. ಹೊಕ್ಕುಳಿನ ಸುತ್ತ ಎರಡು ಅಂಗುಲ ಬಿಡಬೇಕು. ಪ್ರತಿವಾರ ಜಾಗ ಬದಲಿಸಬೇಕು. ಊಟಕ್ಕೆ ಮುಂಚೆಯೋ ಅನಂತರವೋ ಎಂಬ ನಿರ್ಬಂಧವಿಲ್ಲ.

ಪ್ರಮಾಣವನ್ನು ಮೆಟ್ಟಿಲು ಹತ್ತಿದಂತೆ ಏರಿಸುತ್ತಾರೆ. ಸೆಮಾಗ್ಲುಟೈಡ್ ಆದರೆ 0.25 ಮಿಲಿಗ್ರಾಂನಿಂದ, ಟಿರ್ಜೆಪಟೈಡ್ ಆದರೆ 2.5 ಮಿಲಿಗ್ರಾಂನಿಂದ ತೊಡಗಿ, ಒಂದೊಂದು ಮೆಟ್ಟಿಲಿನಲ್ಲಿಯೂ ಕನಿಷ್ಠ ನಾಲ್ಕು ವಾರ ನಿಲ್ಲಬೇಕು. ‘ತೂಕ ಬೇಗ ಇಳಿಯಲಿ’ ಎಂದು ಎರಡು ಮೆಟ್ಟಿಲು ಒಮ್ಮೆಗೇ ಹಾರಿದವರು ವಾಂತಿಯಿಂದ ಬಳಲಿ ಆಸ್ಪತ್ರೆ ಸೇರಬೇಕಾದೀತು. ಈಗ ಬೇರೆ ಬೇರೆ ಕಂಪನಿಗಳ ಪೆನ್ನುಗಳು, ಸೀಸೆಗಳು ಬರುತ್ತಿರುವುದರಿಂದ ಅವುಗಳ ಗುರುತುಗಳೂ ಬೇರೆ ಬೇರೆ. ಕಳೆದ ತಿಂಗಳ ಪೆನ್ನಿನ ಲೆಕ್ಕವನ್ನು ಈ ತಿಂಗಳ ಪೆನ್ನಿಗೆ ಹಚ್ಚಲಾಗದು. ಅಂಗಡಿಯವರು ‘ಇದೂ ಅದೇ ಮದ್ದು’ ಎಂದು ಬೇರೊಂದನ್ನು ಕೊಟ್ಟರೆ, ಬಳಸುವ ಮುನ್ನ ಶುಶ್ರೂಷಕಿಗೆ ತೋರಿಸಿ ಕೇಳಬೇಕು.

ಮರೆತರೆ ಏನು ಮಾಡಬೇಕು? ಮಧುಮೇಹಕ್ಕೆ ಕೊಡುವ ಸೆಮಾಗ್ಲುಟೈಡ್‌ಗೆ ಐದು ದಿನಗಳೊಳಗೆ, ಟಿರ್ಜೆಪಟೈಡ್‌ಗೆ ನಾಲ್ಕು ದಿನಗಳೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರವನ್ನು ಬಿಟ್ಟು ಮುಂದಿನ ನಿಶ್ಚಿತ ದಿನವೇ ತೆಗೆದುಕೊಳ್ಳಬೇಕು. ಮರೆತದ್ದನ್ನು ತುಂಬಲು ಎರಡು ಪ್ರಮಾಣಗಳನ್ನು ಒಟ್ಟಿಗೆ ಚುಚ್ಚಬಾರದು. ಎರಡು ಮೂರು ವಾರ ತಪ್ಪಿಹೋದರೆ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕೆ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು.

ಬಳಸುವವರೆಗೆ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನ ಒಳಭಾಗದಲ್ಲಿ ಇಡಬೇಕು. ಹಿಮಗಟ್ಟುವ ಖಾನೆಯಲ್ಲಿ ಇಡಲೇಬಾರದು. ಒಮ್ಮೆ ಹೆಪ್ಪುಗಟ್ಟಿದ ಮದ್ದು ಕರಗಿದರೂ ಬಳಕೆಗೆ ಯೋಗ್ಯವಲ್ಲ. ಫ್ರಿಜ್ಜಿನ ಹೊರಗೆ ಇಡಬಹುದಾದ ದಿನಗಳು ಮದ್ದಿನಿಂದ ಮದ್ದಿಗೆ ಬೇರೆಯಾಗಿದ್ದರೂ, ಉಷ್ಣತೆ 30 ಡಿಗ್ರಿ ಮೀರಬಾರದೆಂಬುದು ಸಾಮಾನ್ಯ ನಿಯಮ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಕರೆಂಟು ಹೋದಾಗ, ಜಾತ್ರೆಗೋ ತೀರ್ಥಯಾತ್ರೆಗೋ ಹೊರಟಾಗ ಮದ್ದನ್ನು ಹೇಗೆ ಕಾಪಾಡಬೇಕೆಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಒಯ್ಯುವುದೂ ತಪ್ಪೇ.

ಇನ್ನು ಶುಚಿತ್ವದ ಮಾತು. ಪ್ರತಿಸಲವೂ ಹೊಸ ಸೂಜಿ ಬೇಕು. ಸೂಜಿ ಬದಲಿಸಿದರೂ ಸರಿಯೇ, ಗಂಡನ ಪೆನ್ನನ್ನು ಹೆಂಡತಿ, ಅಣ್ಣನ ಪೆನ್ನನ್ನು ತಮ್ಮ ಬಳಸುವಂತಿಲ್ಲ. ರಕ್ತದ ಮೂಲಕ ಹರಡುವ ಸೋಂಕುಗಳು ಹೀಗೆ ದಾಟುತ್ತವೆ. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆದರೆ ಅದು ಯಾರೋ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಹಾಕಿ ಮುಚ್ಚಳ ಬಿಗಿದು ಆಸ್ಪತ್ರೆಗೆ ಒಪ್ಪಿಸಬೇಕು. ನಮ್ಮ ಆರೋಗ್ಯಕ್ಕಾಗಿ ಇನ್ನೊಬ್ಬ ಕಾಯಕಜೀವಿಯ ಕೈಗೆ ಗಾಯ ಮಾಡುವ ಹಕ್ಕು ನಮಗಿಲ್ಲ.

ಉಳಿದ ಆರು ದಿನ

ಮೊದಲ ವಾರಗಳಲ್ಲಿಯೂ, ಪ್ರಮಾಣ ಏರಿಸಿದ ದಿನಗಳಲ್ಲಿಯೂ ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಕಾಣಿಸಿಕೊಳ್ಳುವುದು ಸಾಮಾನ್ಯ. ಬಹುಪಾಲು ಜನರಲ್ಲಿ ಇವು ಕ್ರಮೇಣ ತಗ್ಗುತ್ತವೆ. ಎರಡು ಹೊತ್ತಿನ ದೊಡ್ಡ ಊಟದ ಬದಲು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣ್ಣುವುದು, ನಿಧಾನವಾಗಿ ಅಗಿಯುವುದು, ಕರಿದ ಹಾಗೂ ಜಿಡ್ಡಿನ ಪದಾರ್ಥಗಳನ್ನು ದೂರವಿಡುವುದು, ಹೊಟ್ಟೆ ತುಂಬಿತೆನ್ನಿಸಿದ ಕ್ಷಣವೇ ನಿಲ್ಲಿಸುವುದು, ಉಂಡ ಕೂಡಲೇ ಮಲಗದಿರುವುದು - ಇಷ್ಟರಿಂದಲೇ ಅರ್ಧ ತೊಂದರೆ ಕಳೆಯುತ್ತದೆ. ನೀರನ್ನು ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಹೃದಯ ಇಲ್ಲವೆ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿಯಿರುವವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಹಸಿವು ಕುಗ್ಗಿದಾಗ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಒಂದೋ ‘ತೂಕ ಇಳಿಯಲೆಂದೇ ಅಲ್ಲವೆ ಮದ್ದು, ಉಣ್ಣದಿದ್ದರೆ ಒಳ್ಳೆಯದೇ’ ಎಂದು ಸುಮ್ಮನಾಗುತ್ತಾರೆ. ಇಲ್ಲವೆ ‘ಇನ್ನೊಂದು ರೊಟ್ಟಿ ಉಣ್ಣವ್ವಾ’ ಎಂದು ಬಲವಂತ ಮಾಡುತ್ತಾರೆ. ಮೊದಲನೆಯದರಿಂದ ಸ್ನಾಯು ಕರಗುತ್ತದೆ, ಎರಡನೆಯದರಿಂದ ವಾಂತಿಯಾಗುತ್ತದೆ. ಈ ಮದ್ದಿನಿಂದ ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಅದರಲ್ಲಿ ಕಾಲು ಪಾಲೋ ಅದಕ್ಕಿಂತ ಹೆಚ್ಚೋ ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗವಾಗಿರುತ್ತದೆ. ಅರವತ್ತು ದಾಟಿದವರಲ್ಲಿ ಸ್ನಾಯು ಕರಗಿದರೆ ಮೆಟ್ಟಿಲು ಹತ್ತುವ ಶಕ್ತಿ ಹೋಗುತ್ತದೆ, ಬಿದ್ದು ಸೊಂಟದ ಮೂಳೆ ಮುರಿಯುವ ಭಯ ಹೆಚ್ಚುತ್ತದೆ.

ಆದುದರಿಂದ ಉಣ್ಣುವುದು ಸ್ವಲ್ಪವೇ ಆದರೂ ಅದರಲ್ಲಿ ಸಸಾರಜನಕ ಇರಬೇಕು. ಸಸ್ಯಾಹಾರಿಗಳಾದ ನಮಗೆ ಇದು ಕಷ್ಟವೇನಲ್ಲ, ಆದರೆ ಊಟದ ಕ್ರಮ ಬದಲಾಗಬೇಕು. ಅನ್ನ-ಸಾರಿನಿಂದ ಹೊಟ್ಟೆ ತುಂಬಿಸಿಕೊಂಡು ಕೊನೆಗೆ ಕಾಳಿನ ಪಲ್ಯ ಮುಟ್ಟುವುದರ ಬದಲು, ಮೊದಲು ಹೆಸರುಕಾಳು, ಮಡಕಿಕಾಳು, ಹುರುಳಿ, ಅಲಸಂದೆಯ ಪಲ್ಯ; ಗಟ್ಟಿ ಬೇಳೆ; ಮೊಸರು, ಪನೀರು; ಶೇಂಗಾ ಇಲ್ಲವೆ ಗುರೆಳ್ಳು ಚಟ್ನಿ; ಆಮೇಲೆ ಅರ್ಧ ಜೋಳದ ರೊಟ್ಟಿ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಸಸಾರಜನಕದ ಪ್ರಮಾಣವನ್ನು ಕೇಳಿಯೇ ನಿರ್ಧರಿಸಬೇಕು. ಇದರೊಂದಿಗೆ ದಿನವೂ ನಡಿಗೆ, ವಾರದಲ್ಲಿ ಎರಡು ಮೂರು ದಿನ ಸ್ನಾಯುಗಳಿಗೆ ದುಡಿಮೆ ಕೊಡುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದೂ ವ್ಯಾಯಾಮವೇ.

ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಈ ರೋಗಿಗಳಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬ ಸಂಸ್ಕಾರ ಒಂದು ಕಡೆ, ಉಣ್ಣಲಾಗದ ಹೊಟ್ಟೆ ಇನ್ನೊಂದು ಕಡೆ. ಇದಕ್ಕೆ ದಾರಿ ಸುಲಭ: ಮೊದಲೇ ಸ್ವಲ್ಪ ನೀಡಿಸಿಕೊಳ್ಳುವುದು. ಬಡಿಸುವವರು ‘ಇಷ್ಟೇ ಸಾಕೇ?’ ಎಂದು ಒತ್ತಾಯಿಸದೆ ಕೇಳಿದಷ್ಟೇ ನೀಡುವುದು. ಒಂದು ತುತ್ತೂ ಪ್ರಸಾದವೇ ಎಂಬುದನ್ನು ಬಡಿಸುವ ಕೈಗಳು ನೆನಪಿಟ್ಟರೆ, ಉಣ್ಣುವವರಿಗೆ ಸಂಕೋಚವಿರದು.

ಉಪವಾಸ ಮತ್ತು ಸಕ್ಕರೆಯ ಕುಸಿತ

ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸ ಮಾಡುವ ಹಿರಿಯರು ನಮ್ಮಲ್ಲಿ ಬಹಳ. ವಾರದ ಚುಚ್ಚುಮದ್ದು ಪಡೆಯುತ್ತಿದ್ದು, ಜೊತೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಕೂಡ ಇರುವವರು ವೈದ್ಯರನ್ನು ಕೇಳದೆ ನಿರಾಹಾರ ಇರಲೇಬಾರದು. ಭಾನುವಾರ ಚುಚ್ಚಿಸಿಕೊಂಡು, ಸೋಮವಾರ ನೀರನ್ನೂ ಕುಡಿಯದೆ ಕುಳಿತು, ಬೆಳಗಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಏನಾಗಬಹುದೆಂಬುದನ್ನು ಮನೆಯವರು ತಿಳಿದಿರಬೇಕು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು - ಇವು ಸಕ್ಕರೆ ಕುಸಿದ ಚಿಹ್ನೆಗಳು. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗದ ಅಳುಕಿನಿಂದ ಸಕ್ಕರೆ ನೀರು ನಿರಾಕರಿಸುವ ಅಜ್ಜ-ಅಜ್ಜಿಯರಿಗೆ ತಿಳಿಹೇಳುವ ಕೆಲಸವೂ ಶುಶ್ರೂಷೆಯೇ. ದೇಹವನ್ನು ಕಾಪಾಡಿಕೊಳ್ಳುವುದು ಭಕ್ತಿಗೆ ವಿರುದ್ಧವಾದುದಲ್ಲ.

ವಾಂತಿಭೇದಿ ಹತ್ತಿದ ದಿನಕ್ಕೂ ಒಂದು ನಿಯಮವಿದೆ. ಡಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳನ್ನು ಅಂದು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬ ಪಟ್ಟಿಯನ್ನು ಚಿಕಿತ್ಸೆಯ ಮೊದಲ ದಿನವೇ ಬರೆಸಿಕೊಂಡು ಗೋಡೆಗೆ ಅಂಟಿಸಿರಬೇಕು.

ತಡಮಾಡಬಾರದ ಚಿಹ್ನೆಗಳು

ಮೇಲುಹೊಟ್ಟೆಯಲ್ಲಿ ಸಹಿಸಲಾಗದ ನೋವು ಎದ್ದು, ಬೆನ್ನಿಗೆ ಹಬ್ಬಿ, ಬಿಡದೆ ಕಾಡಿದರೆ ಅದನ್ನು ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿಸಿ ಕಾಯಬಾರದು. ಅದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಬಲಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾಗುವುದು ಪಿತ್ತಕೋಶದ ತೊಂದರೆಯ ಗುರುತು. ದಿನವಿಡೀ ವಾಂತಿಯಾಗಿ, ಮೂತ್ರ ಕಡಿಮೆಯಾಗಿ, ತಲೆ ತಿರುಗುತ್ತಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಮೊದಲೇ ಆಸ್ಪತ್ರೆ ಸೇರಬೇಕು. ಹೊಟ್ಟೆ ಉಬ್ಬಿ, ಮಲವೂ ವಾಯುವೂ ಹೋಗದಿರುವುದು, ದೃಷ್ಟಿ ಹಠಾತ್ತನೆ ಮಂದವಾಗುವುದು - ಇವೂ ಅದೇ ಸಾಲಿಗೆ ಸೇರಿದವು.

ಕಣ್ಣಿನ ಪೊರೆಯೇ ಇರಲಿ, ಮೊಣಕಾಲೇ ಇರಲಿ, ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಈ ಚುಚ್ಚುಮದ್ದಿನ ವಿಷಯವನ್ನು ಅರಿವಳಿಕೆ ತಜ್ಞರಿಗೆ ಹೇಳಲೇಬೇಕು. ರಾತ್ರಿಯಿಡೀ ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು. ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ‘ದಿನವೂ ತೆಗೆದುಕೊಳ್ಳುವ ಮಾತ್ರೆ ಯಾವುದು?’ ಎಂದು ಕೇಳಿದಾಗ, ಇದು ಮಾತ್ರೆಯೂ ಅಲ್ಲ, ದಿನದ್ದೂ ಅಲ್ಲವಾದ್ದರಿಂದ ರೋಗಿಯು ಹೇಳಲು ಮರೆಯುವುದು ಸಹಜ. ಜೊತೆಗಿರುವವರು ಹೇಳಬೇಕು.

ಎರಡು ಆಕ್ಷೇಪಗಳು

‘ಪೆನ್ನು ಅಷ್ಟು ಸರಳವಾಗಿದೆ, ಅದಕ್ಕೇಕೆ ಶುಶ್ರೂಷಕಿ? ಖರ್ಚು ಹೆಚ್ಚುವುದಿಲ್ಲವೆ?’ ಎಂದು ಕೆಲವರು ಕೇಳುತ್ತಾರೆ. ಪೆನ್ನು ಸರಳವೆಂಬುದು ನಿಜ. ಅದನ್ನು ಬಳಸುವ ಬದುಕು ಸರಳವಲ್ಲ. ಮೇಲೆ ಹೇಳಿದ ಸಂಗತಿಗಳಲ್ಲಿ ಎಷ್ಟನ್ನು, ಸರದಿಯಲ್ಲಿ ಐವತ್ತು ರೋಗಿಗಳು ಕಾಯುತ್ತಿರುವ ವೈದ್ಯರು ಐದು ನಿಮಿಷಗಳಲ್ಲಿ ಹೇಳಬಲ್ಲರು? ಮೊದಲ ದಿನ ಅರ್ಧ ಗಂಟೆ ಕಲಿಸುವುದು, ಮೊದಲ ತಿಂಗಳು ವಾರಕ್ಕೊಮ್ಮೆ ದೂರವಾಣಿಯಲ್ಲಿ ವಿಚಾರಿಸುವುದು, ಪ್ರಮಾಣ ಏರಿಸುವ ಪ್ರತಿಸಲವೂ ತೂಕ, ರಕ್ತದೊತ್ತಡ, ಸಕ್ಕರೆ ನೋಡುವುದು - ಶುಶ್ರೂಷಕಿಯ ಈ ಕೆಲಸಕ್ಕೆ ತಗಲುವ ಖರ್ಚು, ತಿಂಗಳ ಮದ್ದಿನ ಬೆಲೆಯ ಮುಂದೆ ಬಹಳ ಸಣ್ಣದು. ಸಾವಿರಾರು ರೂಪಾಯಿಯ ಮದ್ದು ಬರೆದು ಅರ್ಧ ಗಂಟೆಯ ಶುಶ್ರೂಷೆ ಕೊಡದ ಚಿಕಿತ್ಸಾಲಯವನ್ನು ‘ಕಲಿಸುವವರು ಯಾರು?’ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಎರಡನೆಯ ಆಕ್ಷೇಪ ಹಿರಿಯರದು. ‘ನಾಲಿಗೆ ಕಟ್ಟಲಾರದವರಿಗೆ ಸೂಜಿ ಬೇಕು’ ಎಂಬ ಚುಚ್ಚುಮಾತು. ಸ್ಥೂಲಕಾಯವು ಶೀಲದ ದೋಷವಲ್ಲ. ಮಿದುಳು, ಕರುಳು, ಮನೆತನದ ಗುಣ, ಜೀವನಕ್ರಮಗಳು ಕೂಡಿ ತರುವ ದೀರ್ಘಕಾಲದ ಕಾಯಿಲೆ. ರಕ್ತದೊತ್ತಡದ ಮಾತ್ರೆ ನುಂಗುವವರನ್ನು ಯಾರೂ ಹಂಗಿಸುವುದಿಲ್ಲ. ಹಂಗಿಸಿದರೆ ರೋಗಿ ಮದ್ದನ್ನು ಮುಚ್ಚಿಟ್ಟು ತೆಗೆದುಕೊಳ್ಳುತ್ತಾಳೆ, ತೊಂದರೆಯಾದಾಗಲೂ ಮುಚ್ಚಿಡುತ್ತಾಳೆ. ಪರಿಚಾರಕನಿಗೆ ಅನುರಾಗ ಬೇಕೆಂದು ಹಿಂದಿನವರು ಹೇಳಿದ್ದು ಇದಕ್ಕೇ.

ಹಾಗೆಂದು ಮದುವೆಗೆ ಮುನ್ನ ನಾಲ್ಕು ಕಿಲೋ ಇಳಿಸಲು ಈ ಮದ್ದನ್ನು ಹುಡುಕುವುದನ್ನು ಒಪ್ಪಲಾಗದು. ತೂಕ ಇಳಿಕೆಗಾಗಿ ಇದಕ್ಕೆ ಅನುಮತಿಯಿರುವುದು ದೇಹತೂಕದ ಸೂಚ್ಯಂಕ 30 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ, ಇಲ್ಲವೆ 27 ದಾಟಿ ಜೊತೆಗೆ ಸಂಬಂಧಿತ ಕಾಯಿಲೆ ಇರುವವರಿಗೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಮೇಲಾಗಿ, ನಿಲ್ಲಿಸಿದರೆ ತೂಕ ಮರಳುತ್ತದೆ: ಮೇಲೆ ಹೇಳಿದ 68 ವಾರಗಳ ಅಧ್ಯಯನದಲ್ಲಿ, ಮದ್ದು ನಿಲ್ಲಿಸಿದವರು ಒಂದೇ ವರ್ಷದಲ್ಲಿ ಇಳಿಸಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮತ್ತೆ ಗಳಿಸಿದರು. ಎಷ್ಟು ಕಾಲ ತೆಗೆದುಕೊಳ್ಳಬೇಕು, ಅಷ್ಟು ಕಾಲ ಹಣ ಹೊಂದೀತೆ, ನಿಲ್ಲಿಸುವುದಾದರೆ ಹೇಗೆ ಎಂಬ ಮಾತು ಆರಂಭಕ್ಕೆ ಮುಂಚೆಯೇ ಆಗಬೇಕು.

ಆಗಬೇಕಾದುದು

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ವಿಭಾಗಗಳಿವೆ. ಅಲ್ಲಿ ಶುಶ್ರೂಷಾಧಿಕಾರಿಗಳೂ ಆಪ್ತಸಮಾಲೋಚಕರೂ ಇದ್ದಾರೆ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಡಿ ಮನೆಬಾಗಿಲಿಗೆ ಹೋಗಿ ಮಧುಮೇಹ, ರಕ್ತದೊತ್ತಡ ತಪಾಸಣೆ ಮಾಡುವ ಕ್ರಮವೂ ಆರಂಭವಾಗಿದೆ. ಮದ್ದನ್ನು ಖಾಸಗಿಯಲ್ಲಿ ಬರೆಸಿಕೊಂಡವರೂ ಇವರ ಬಳಿ ಬಂದು ಕೇಳುವಂತಾಗಬೇಕು. ಹಾಗೆ ಬಂದವರಿಗೆ ಉತ್ತರ ಕೊಡುವ ತರಬೇತಿ ಇವರಿಗೆ ದೊರೆಯಬೇಕು. ನಾಡಿನ ಹಲವು ಮಠಗಳು ಆಸ್ಪತ್ರೆಗಳನ್ನೂ ಶುಶ್ರೂಷಾ ಕಾಲೇಜುಗಳನ್ನೂ ನಡೆಸುತ್ತಿವೆ. ಜಾತ್ರೆಯ ಆರೋಗ್ಯ ಶಿಬಿರಗಳಲ್ಲಿ ರಕ್ತ ಪರೀಕ್ಷೆಯ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಚುಚ್ಚುವ ಕ್ರಮ, ಮಾತ್ರೆಗಳ ಪಟ್ಟಿ, ಅಪಾಯದ ಚಿಹ್ನೆಗಳನ್ನು ಕಲಿಸಲು ಆ ವಿದ್ಯಾರ್ಥಿನಿಯರನ್ನು ಅವರ ಗುರುಗಳ ಮೇಲ್ವಿಚಾರಣೆಯಲ್ಲಿ ಕೂರಿಸಬಹುದು. ಇದಕ್ಕೆ ದೊಡ್ಡ ಹಣ ಬೇಡ.

ಮನೆಯಲ್ಲಿ ಆಗಬೇಕಾದುದು ಇನ್ನೂ ಸರಳ. ಒಂದು ನೋಟುಪುಸ್ತಕ ಸಾಕು. ಚುಚ್ಚಿದ ದಿನ, ಜಾಗ, ಪ್ರಮಾಣ, ವಾರದ ತೂಕ, ಸಕ್ಕರೆಯ ಅಂಕಿ, ಎಷ್ಟು ಉಂಡರು, ವಾಂತಿಯಾಯಿತೆ, ಮಲವಿಸರ್ಜನೆ ಆಯಿತೆ - ಇಷ್ಟನ್ನು ಮನೆಯ ಒಬ್ಬರು ಬರೆಯುತ್ತಾ ಬಂದರೆ ವೈದ್ಯರಿಗೂ ಶುಶ್ರೂಷಕಿಗೂ ಅದೇ ಕೈದೀವಿಗೆ. ಮನೆಯ ಹೆಣ್ಣುಮಗಳ ಮೇಲೆಯೇ ಈ ಹೊಣೆಯನ್ನು ಹೊರಿಸದೆ ಗಂಡುಮಕ್ಕಳೂ ಕಲಿಯಬೇಕು. ರೋಗಿಯ ಸೇವೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ.

ವಿಜ್ಞಾನವು ನಮ್ಮ ಕಾಲಕ್ಕೆ ಒಳ್ಳೆಯ ಔಷಧವೊಂದನ್ನು ಕೊಟ್ಟಿದೆ. ಅದನ್ನು ಬರೆಯುವ ವೈದ್ಯರೂ ಇದ್ದಾರೆ, ಬೇಕಾದ ರೋಗಿಗಳೂ ಇದ್ದಾರೆ. ಕೊರತೆಯಿರುವುದು ಪರಿಚಾರಕನ ಸ್ಥಾನದಲ್ಲಿ. ಮುಂದಿನ ಸಲ ನಿಮ್ಮ ಮನೆಗೆ ಈ ಮದ್ದಿನ ಚೀಟಿ ಬಂದರೆ ಅಂಗಡಿಗೆ ಹೋಗುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಆಸ್ಪತ್ರೆಯಲ್ಲಿ ನಮಗೆ ಕಲಿಸುವವರು ಯಾರು? ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಎರಡಕ್ಕೂ ಒಂದೊಂದು ಹೆಸರು ಸಿಕ್ಕ ಮೇಲೆಯೇ ಮೊದಲ ಸೂಜಿ ಚುಚ್ಚಲಿ.